ಮಗುವಿನ ಮಾತು, ಮಹಜರಿನ ಕನ್ನಡ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಬಗ್ಗೆ ಸಂಶೋಧನೆ ಮಾಡುವವರಿಗೆ ಮೊದಲ ತೊಡಕು ಆ ಜಿಲ್ಲೆಯೇ. 1986ರ ಆಗಸ್ಟ್ 15ರಂದು ಅದು ಹುಟ್ಟಿದಾಗ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳ ಜೊತೆಗೆ ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳೂ ಅದರೊಳಗಿದ್ದವು. 2007ರಲ್ಲಿ ಆ ನಾಲ್ಕು ತಾಲ್ಲೂಕುಗಳು ರಾಮನಗರ ಜಿಲ್ಲೆಯಾಗಿ ಹೊರಹೋದವು. 2025ರಲ್ಲಿ ರಾಮನಗರಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಅದೇ ವರ್ಷದ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಗ್ರಾಮಾಂತರವನ್ನೂ ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. ಹೆಸರಿಗಾಗಿ ನಡೆಯುವ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಇಪ್ಪತ್ತು ವರ್ಷ ಹಿಂದಿನ ಒಂದು ಕಾಗದದಲ್ಲಿ 'ಬೆಂಗಳೂರು ಗ್ರಾಮಾಂತರ' ಎಂದಿದ್ದರೆ ಅದು ಇಂದಿನ ಯಾವ ಕಚೇರಿಯ ಕಾಗದ ಎಂದು ಮೊದಲು ಕೇಳಿಕೊಳ್ಳಬೇಕಾಗುತ್ತದೆ, ಅಷ್ಟೆ. ಮಕ್ಕಳ ದುಡಿಮೆಯ ಕುರಿತು ಈ ಜಿಲ್ಲೆಯ ಹೆಸರು ದೇಶದಾಚೆಗೂ ಹೋದದ್ದು ಆ ಹಳೆಯ ಎಂಟು ತಾಲ್ಲೂಕುಗಳ ಕಾಲದಲ್ಲಿ.

2003ರ ಜನವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 'ಸ್ಮಾಲ್ ಚೇಂಜ್' ಎಂಬ ವರದಿ ಪ್ರಕಟಿಸಿತು. ಭಾರತದ ರೇಷ್ಮೆ ಉದ್ಯಮದಲ್ಲಿ ಮುಂಗಡದ ಸಾಲಕ್ಕೆ ಸಿಕ್ಕಿ ಜೀತ ಮಾಡುತ್ತಿದ್ದ ಮಕ್ಕಳ ಕುರಿತ ವರದಿ ಅದು. ಹೆಸರಿನಲ್ಲೇ ಒಂದು ಶ್ಲೇಷೆಯಿದೆ: ಚಿಲ್ಲರೆ ಕಾಸು ಎಂದೂ ಓದಬಹುದು, ಅಲ್ಪ ಬದಲಾವಣೆ ಎಂದೂ ಓದಬಹುದು. ಅದೇ ಸಂಸ್ಥೆ 1996ರಲ್ಲಿ ಜೀತದ ಮಕ್ಕಳ ಬಗ್ಗೆ ಇನ್ನೊಂದು ವರದಿ ತಂದಿತ್ತು. ಏಳು ವರ್ಷಗಳಲ್ಲಿ ಏನು ಬದಲಾಯಿತು ಎಂದು ಹುಡುಕುತ್ತಾ ಮತ್ತೆ ಬಂದವರು ಉತ್ತರ ಪ್ರದೇಶ, ತಮಿಳುನಾಡುಗಳ ಜೊತೆ ಕರ್ನಾಟಕಕ್ಕೂ ಬಂದರು. ರಾಮನಗರ, ಮಾಗಡಿಗಳಿಗೆ ಹೋದರು. ಆಗ ಅವೆರಡೂ ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳೇ.

ರೇಷ್ಮೆ ಕಂಡವರಿಗೆ ವಿವರಿಸಬೇಕಿಲ್ಲ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆಯ ತುದಿ ಹುಡುಕಿ ನೂಲು ಬಿಚ್ಚುವುದು ಒಂದು ಕೆಲಸ. ಬಿಚ್ಚಿದ ನೂಲನ್ನು ಯಂತ್ರಕ್ಕೆ ಹಾಕಿ ಹುರಿಗೊಳಿಸುವುದು, ಅಂದರೆ ಟ್ವಿಸ್ಟಿಂಗ್, ಇನ್ನೊಂದು. ಮೊದಲನೆಯದರಲ್ಲಿ ಕೈ ಬೇಯುತ್ತದೆ. ಎರಡನೆಯದರಲ್ಲಿ ಯಂತ್ರಗಳ ಸಾಲಿನುದ್ದಕ್ಕೂ ಓಡಾಡುತ್ತಾ ಹರಿದ ಎಳೆಗಳನ್ನು ಕೂಡಿಸುತ್ತಿರಬೇಕು; ಕೂರುವಂತಿಲ್ಲ. ವರದಿಯ ಪ್ರಕಾರ ಮಕ್ಕಳು ದಿನಕ್ಕೆ ಹನ್ನೆರಡು ಗಂಟೆ ಅಥವಾ ಅದಕ್ಕೂ ಹೆಚ್ಚು, ವಾರಕ್ಕೆ ಆರೂವರೆ ಅಥವಾ ಏಳು ದಿನ ದುಡಿಯುತ್ತಿದ್ದರು. ದೇಶದಾದ್ಯಂತ ರೇಷ್ಮೆ ಕೆಲಸದಲ್ಲಿರುವ ಮಕ್ಕಳು ಕಡಿಮೆಯೆಂದರೂ 3.5 ಲಕ್ಷಕ್ಕೂ ಹೆಚ್ಚು ಎಂದು ಅದು ಅಂದಾಜಿಸಿತು. ಅಂಕಿಯ ಬಗ್ಗೆ ಆಗಲೂ ತಕರಾರಿತ್ತು, ಇರಬೇಕಾದದ್ದೇ. ನನ್ನ ಕುತೂಹಲ ಅಂಕಿಯ ಕುರಿತಲ್ಲ. ಆ ಮಕ್ಕಳ ಮಾತು ಕಾಗದಕ್ಕೆ ಬಂದದ್ದು ಹೇಗೆ, ಯಾರು ಬರೆದುಕೊಂಡರು, ಬರೆಯುವಾಗ ಯಾವ ಪದ ಉಳಿಯಿತು, ಯಾವುದು ಬಿದ್ದುಹೋಯಿತು? ನನ್ನ ಪ್ರಬಂಧದ ವಿಷಯವೂ ಇದೇ.

ಒಂದು ಪದದಿಂದ ಶುರು ಮಾಡುತ್ತೇನೆ. ಮುಂಗಡ.

ಹುಡುಗನೊಬ್ಬ ಹುರಿ ಯಂತ್ರದ ಮುಂದೆ ಸಿಕ್ಕನೆಂದುಕೊಳ್ಳಿ. ಪರಿಶೀಲನೆಗೆ ಬಂದ ಅಧಿಕಾರಿ 'ಕೂಲಿಗೆ ಬರುತ್ತಿದ್ದಾನೆ' ಎಂದು ಬರೆದರೆ ಅದು 1986ರ ಬಾಲಕಾರ್ಮಿಕ ಕಾಯ್ದೆಯ ಪ್ರಕರಣ. ಆ ಕಾಯ್ದೆಯ ಮೂಲ ರೂಪದಲ್ಲಿ ಮಾಲೀಕನಿಗೆ ಮೂರು ತಿಂಗಳಿಂದ ಒಂದು ವರ್ಷದ ಸಜೆ, ಅಥವಾ 10,000ದಿಂದ 20,000 ರೂಪಾಯಿ ದಂಡ. ದಂಡ ಕಟ್ಟಿ ಹೊರಬರಲು ಅವಕಾಶವಿತ್ತು. 'ಅಪ್ಪ ಮುಂಗಡ ತಗೊಂಡಿದ್ದಾನೆ, ಅದು ತೀರೋವರೆಗೂ ಬಿಡಲ್ಲ' ಎಂಬುದು ಕಾಗದದ ಮೇಲೆ ಬಂದರೆ ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕರಣ. ಮೂರು ವರ್ಷದವರೆಗೆ ಸೆರೆವಾಸ. ಅದಕ್ಕಿಂತ ಮುಖ್ಯವಾಗಿ ಆರನೆಯ ಕಲಮಿನ ಪ್ರಕಾರ ಆ ಸಾಲವೇ ಸತ್ತುಹೋಗುತ್ತದೆ, ಒಂಬತ್ತನೆಯ ಕಲಮಿನ ಪ್ರಕಾರ ಸತ್ತ ಸಾಲವನ್ನು ವಸೂಲು ಮಾಡುವುದು ಇನ್ನೊಂದು ಅಪರಾಧ. ಸಾಲ ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆಯೂ ಕೊಟ್ಟವನ ಮೇಲೆಯೇ. ಹುಡುಗ ಅದೇ, ಯಂತ್ರ ಅದೇ, ದಿನಕ್ಕೆ ಹನ್ನೆರಡು ಗಂಟೆಯೂ ಅದೇ. ಒಂದು ಹೇಳಿಕೆಯಲ್ಲಿ ಅಪ್ಪನ ಸಾಲ ಉಳಿಯುತ್ತದೆ, ಇನ್ನೊಂದರಲ್ಲಿ ಉಳಿಯುವುದಿಲ್ಲ. ಮುಂಗಡದ ಬಗ್ಗೆ ಕೇಳಬೇಕೆಂದು ಬರೆಯುವವನಿಗೆ ತೋಚದಿದ್ದರೆ, ಅಥವಾ ಬರೆದರೆ ಕಡತ ಉಪವಿಭಾಗಾಧಿಕಾರಿಯವರೆಗೆ ಹೋಗಬೇಕಾಗುತ್ತದೆಂದು ಬೇಸರವಾದರೆ, ಹುಡುಗ ಮನೆಗೆ ಹೋಗುತ್ತಾನೆ, ಸಾಲ ಅಲ್ಲೇ ಇರುತ್ತದೆ, ಮುಂದಿನ ವಾರ ತಮ್ಮ ಅದೇ ಯಂತ್ರದ ಮುಂದೆ ನಿಲ್ಲುತ್ತಾನೆ.

ಮುಂಗಡ ಪಡೆದು ಮಗುವಿನ ದುಡಿಮೆ ಒತ್ತೆಯಿಡುವುದನ್ನು ಕಾನೂನು ಮೊದಲು ಗುರುತಿಸಿದ್ದು 1976ರಲ್ಲಲ್ಲ. 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ ಅಮೃತಸರದ ರತ್ನಗಂಬಳಿ ಕಾರ್ಖಾನೆಗಳಂಥ ಕಡೆ ಮಕ್ಕಳನ್ನು ಸಾಲಕ್ಕೆ ಬಿಟ್ಟಿರುವುದನ್ನು ಕಂಡಿತ್ತು. 1933ರಲ್ಲಿ ಮಕ್ಕಳ ದುಡಿಮೆಯ ಒತ್ತೆಯನ್ನು ನಿಷೇಧಿಸುವ ಕಾಯ್ದೆ ಬಂತು. ಒತ್ತೆಯಿಟ್ಟ ಅಪ್ಪನಿಗೆ 50 ರೂಪಾಯಿವರೆಗೆ, ಇಟ್ಟುಕೊಂಡ ಮಾಲೀಕನಿಗೆ 200 ರೂಪಾಯಿವರೆಗೆ ದಂಡ. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ಆಗ ಮಾಗಡಿಯೂ ದೊಡ್ಡಬಳ್ಳಾಪುರವೂ ಮೈಸೂರು ಮಹಾರಾಜರ ಸಂಸ್ಥಾನದಲ್ಲಿದ್ದವು. ಆ ಕಾಯ್ದೆಯಲ್ಲಿ ಒಂದು ವಿನಾಯಿತಿಯಿತ್ತು: ಮಗುವಿಗೆ ಹಾನಿಯಿಲ್ಲದ, ನ್ಯಾಯವಾದ ಕೂಲಿಯ ಹೊರತು ಬೇರೆ ಲಾಭಕ್ಕಾಗಿ ಮಾಡಿಕೊಳ್ಳದ, ಒಂದು ವಾರದ ನೋಟಿಸಿನಲ್ಲಿ ಮುರಿಯಬಹುದಾದ ಒಪ್ಪಂದ ಒತ್ತೆಯಲ್ಲ. ಕಾಗದದ ಮೇಲೆ ಸಾಲವೊಂದು ಕಾಣಿಸದಿದ್ದರೆ ಎಲ್ಲವೂ ಇಂಥ ಒಪ್ಪಂದವೇ. ಅಂದಿನಿಂದ ಇಂದಿನವರೆಗೆ ಈ ಆಟ ನಡೆಯುವುದು ಏನು ಬರೆದಿದೆ, ಏನು ಬರೆದಿಲ್ಲ ಎಂಬುದರ ನಡುವೆ.

1986ರ ಕಾಯ್ದೆಯ ಮೂರನೆಯ ಕಲಮಿನಲ್ಲೂ ಹಾಗೊಂದು ಕಿಂಡಿಯಿತ್ತು. ಮಾಲೀಕ ತನ್ನ ಕುಟುಂಬದವರ ನೆರವಿನಿಂದ ನಡೆಸುವ ಕೆಲಸದ ಮನೆಗೆ ನಿಷೇಧ ಅನ್ವಯಿಸುತ್ತಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳು ಮನೆಯೊಳಗೇ ಇರುತ್ತವೆ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ನೂಲು ಬಿಚ್ಚುವ ಜಾಗಕ್ಕೂ ವಾಸದ ಜಾಗಕ್ಕೂ ನಡುವೆ ಎಷ್ಟೋ ಕಡೆ ಒಂದು ಗೋಡೆಯಷ್ಟೆ. ಹೊರಗಿನ ಮಗುವನ್ನು 'ನಮ್ಮ ಅಕ್ಕನ ಮಗ, ರಜಕ್ಕೆ ಬಂದವ್ನೆ' ಎಂದುಬಿಟ್ಟರೆ? ಕನ್ನಡದಲ್ಲಿ ಬಂಧುತ್ವದ ಪದಗಳು ಧಾರಾಳ. ಊರಿನವರೆಲ್ಲ ಒಬ್ಬರಿಗೊಬ್ಬರು ಅಣ್ಣ, ಮಾವ, ಚಿಕ್ಕಪ್ಪ. ನಮ್ಮ ಸೌಜನ್ಯದ ಈ ಪದಗಳೇ ಕಾನೂನಿನಿಂದ ತಪ್ಪಿಸಿಕೊಳ್ಳುವ ಮರೆಯಾಗಬಲ್ಲವು ಎಂಬುದು ನಾನು ಈ ವಿಷಯ ಕೈಗೆತ್ತಿಕೊಂಡ ಮೇಲೆ ಹೊಳೆದದ್ದು. 2016ರ ತಿದ್ದುಪಡಿ 14 ವರ್ಷದೊಳಗಿನ ಎಲ್ಲ ದುಡಿಮೆಯನ್ನೂ ನಿಷೇಧಿಸಿತು, ಆದರೆ ಶಾಲೆಯ ಸಮಯ ಬಿಟ್ಟು ಕುಟುಂಬದ ಕಸುಬಿಗೆ ನೆರವಾಗುವುದನ್ನು ಹಾಗೇ ಉಳಿಸಿತು. ಕಿಂಡಿ ಚಿಕ್ಕದಾಗಿರಬಹುದು, ಮುಚ್ಚಿಲ್ಲ.

ಇನ್ನು ವಯಸ್ಸು. ಇದರ ಇತಿಹಾಸ ಸ್ವಾರಸ್ಯವಾದದ್ದು, ಸ್ವಲ್ಪ ನಿಂತು ನೋಡೋಣ.

ಇಂಗ್ಲೆಂಡಿನಲ್ಲಿ 1833ರ ಕಾರ್ಖಾನೆ ಕಾಯ್ದೆ ಒಂಬತ್ತು ವರ್ಷದೊಳಗಿನವರನ್ನು ಬಟ್ಟೆ ಗಿರಣಿಗಳಿಂದ ಹೊರಗಿಟ್ಟಿತು. ಕುತೂಹಲದ ಸಂಗತಿಯೆಂದರೆ ರೇಷ್ಮೆ ಗಿರಣಿಗಳಿಗೆ ಅದರಲ್ಲಿ ರಿಯಾಯಿತಿಯಿತ್ತು. ಆದರೆ ಮಗುವಿಗೆ ಒಂಬತ್ತಾಗಿದೆ ಎಂದು ಹೇಳುವವರು ಯಾರು? ಅಲ್ಲಿ ಜನನ ನೋಂದಣಿ ಶುರುವಾದದ್ದೇ 1837ರಲ್ಲಿ. ಹಾಗಾಗಿ ವೈದ್ಯರು ಮಗುವಿನ ಮೈಕಟ್ಟು, ಎತ್ತರ ನೋಡಿ ಪ್ರಮಾಣಪತ್ರ ಕೊಡುತ್ತಿದ್ದರು. ಎಡ್ವಿನ್ ಸೌಂಡರ್ಸ್ ಎಂಬ ದಂತವೈದ್ಯ ಎತ್ತರಕ್ಕಿಂತ ಹಲ್ಲು ನಂಬಿಗಸ್ತ ಎಂದು 1837ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದ. ಅಮೆರಿಕದಲ್ಲಿ 1908ರಿಂದ ಗಿರಣಿಗಳನ್ನು ಸುತ್ತಿ ದುಡಿಯುವ ಮಕ್ಕಳ ಛಾಯಾಚಿತ್ರ ತೆಗೆದ ಲೂಯಿಸ್ ಹೈನ್ ಮಗುವಿನ ಎತ್ತರವನ್ನು ತನ್ನ ಕೋಟಿನ ಗುಂಡಿಗಳಿಗೆ ಹೋಲಿಸಿ ಅಳೆಯುತ್ತಿದ್ದ, ಜೇಬಿನೊಳಗೆ ಕೈಯಿಟ್ಟು ಕಾಣದಂತೆ ಬರೆದುಕೊಳ್ಳುತ್ತಿದ್ದ. ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಅದರಂತೆ ಏಳು ತುಂಬಿದ್ದರೆ ಸಾಕು, ಒಂಬತ್ತು ಗಂಟೆ ದುಡಿಸಬಹುದಿತ್ತು.

ನಮ್ಮೂರುಗಳ ಅಳತೆ ಬೇರೆ. ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತಿದ್ದ ಮೇಷ್ಟ್ರುಗಳನ್ನು ನಮ್ಮ ಅಪ್ಪ ಅಮ್ಮಂದಿರ ತಲೆಮಾರು ನೆನೆಯುತ್ತದೆ. ಕಿವಿ ಸಿಕ್ಕಮೇಲೆ ಹುಟ್ಟಿದ ತಾರೀಖು ಬರೆಯಬೇಕಲ್ಲ, ಮೇಷ್ಟ್ರು ಶಾಲೆ ಶುರುವಾಗುವ ಜೂನ್ ತಿಂಗಳನ್ನೇ ಹಾಕಿಬಿಡುತ್ತಿದ್ದರು. ಹಳೆ ಮೈಸೂರಿನ ಎಷ್ಟೊಂದು ಜನ ಜೂನ್‌ನಲ್ಲಿ ಹುಟ್ಟಿದ್ದಾರೆಂದು ನೋಡಿದರೆ ನಗು ಬರುತ್ತದೆ. ಬಾಲನ್ಯಾಯ ಕಾಯ್ದೆಯ ಮುಂದೆ ಈ ನಗು ನಿಲ್ಲುತ್ತದೆ. 2015ರ ಕಾಯ್ದೆಯ 94ನೆಯ ಕಲಮು ವಯಸ್ಸಿನ ಅನುಮಾನ ಬಂದಾಗ ಏನು ನೋಡಬೇಕೆಂದು ಸರದಿ ಹಾಕಿದೆ: ಮೊದಲು ಶಾಲೆಯ ದಾಖಲೆ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪುರಸಭೆ ಇಲ್ಲವೇ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆಯ ಪರೀಕ್ಷೆ. ಅಂದರೆ ಮೇಷ್ಟ್ರ ಅಂದಾಜಿಗೆ ಎಕ್ಸ್-ರೇಗಿಂತ ಮೇಲಿನ ಸ್ಥಾನ. ಇದನ್ನು ಕೇಳಿದ ಕೂಡಲೇ ಅಸಂಬದ್ಧ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಮೂಳೆಯ ಪರೀಕ್ಷೆ ಒಂದೆರಡು ವರ್ಷ ಆಚೆ ಈಚೆ ಹೇಳುತ್ತದೆ. 13 ಮತ್ತು 15ರ ನಡುವೆಯೇ ಕಾನೂನಿನ ಗೆರೆಯಿರುವಾಗ ಆ ಒಂದೆರಡು ವರ್ಷವೇ ಎಲ್ಲ. ಜೊತೆಗೆ, ಮೇಷ್ಟ್ರು ಬರೆದ ತಾರೀಖು ದಾಳಿ ನಡೆಯುವ ಮುಂಚೆ ಬರೆದದ್ದು, ಯಾರ ಒತ್ತಡವೂ ಇಲ್ಲದಾಗ ಬರೆದದ್ದು. ಇತಿಹಾಸದ ವಿದ್ಯಾರ್ಥಿಗೆ ಅಂಥ ಕಾಗದದ ಮೇಲೆ ಸಹಜವಾಗಿಯೇ ಒಲವು. 1986ರ ಕಾಯ್ದೆ ಮಾತ್ರ ಬೇರೆ ದಾರಿ ಹಿಡಿದಿತ್ತು: ನಿಗದಿತ ವೈದ್ಯಾಧಿಕಾರಿ ಕೊಟ್ಟ ವಯಸ್ಸಿನ ಪತ್ರವೇ ಅಂತಿಮ ಸಾಕ್ಷ್ಯ. ಮಾಗಡಿಯಲ್ಲಿ ಸಿಕ್ಕ ಮಗುವಿನ ವಯಸ್ಸನ್ನು ಆಗ ಒಬ್ಬ ವೈದ್ಯರ ಒಂದು ಸಾಲು ತೀರ್ಮಾನಿಸಬಹುದಿತ್ತು.

ಈಗ ಮಹಜರಿಗೆ ಬರೋಣ. ನಾನು ಮಕ್ಕಳ ಕಲ್ಯಾಣ ಸಮಿತಿಯ ಕಡತಗಳನ್ನು ಓದಿಲ್ಲ, ಓದುವಂತೆಯೂ ಇಲ್ಲ. 74ನೆಯ ಕಲಮು ಮಗುವಿನ ಗುರುತು ಬಯಲು ಮಾಡುವುದನ್ನು ನಿಷೇಧಿಸುತ್ತದೆ, 99ನೆಯದು ಸಮಿತಿಯ ಮುಂದಿನ ವರದಿಗಳನ್ನು ಗೋಪ್ಯವೆನ್ನುತ್ತದೆ. ಸಂಶೋಧಕನಿಗೆ ಇದು ಅಡ್ಡಿ, ಮಗುವಿಗೆ ರಕ್ಷೆ. ಈ ವಿಷಯದಲ್ಲಿ ನಾನು ಮಗುವಿನ ಪಕ್ಷ. ಹಾಗಾಗಿ ನನ್ನ ಮೇಜಿನ ಮೇಲಿರುವುದು ಪ್ರಕಟವಾದ ವರದಿಗಳು, ತೀರ್ಪುಗಳು ಮತ್ತು ಖಾಲಿ ನಮೂನೆಗಳು. ಖಾಲಿ ನಮೂನೆಯನ್ನು ಯಾರೂ ಓದುವುದಿಲ್ಲ, ತುಂಬುತ್ತಾರೆ. ಓದಿದರೆ ಅದು ಬಹಳ ಹೇಳುತ್ತದೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಬಗ್ಗೆ 15 ದಿನದೊಳಗೆ ಸಿದ್ಧವಾಗಬೇಕಾದ ಸಾಮಾಜಿಕ ತನಿಖಾ ವರದಿಯ ನಮೂನೆಯಲ್ಲಿ ಕುಟುಂಬ, ಓದು, ದುಡಿಮೆ, ಗೆಳೆಯರು ಎಂದೆಲ್ಲ ಕಾಲಂಗಳಿವೆ. ಅಭ್ಯಾಸಗಳ ಕಾಲಂನಲ್ಲಿ ಒಂದು ಕಡೆ ಧೂಮಪಾನ, ಜೂಜು. ಇನ್ನೊಂದು ಕಡೆ ಓದು, ಚಿತ್ರ ಬರೆಯುವುದು, ಹಾಡುವುದು. ಟಿಕ್ ಹಾಕಬೇಕು. ಹನ್ನೆರಡು ಗಂಟೆ ನಿಂತು ದುಡಿದ ಮಗುವಿನ ಹವ್ಯಾಸ ಕೇಳುವ ಈ ಕಾಲಂ ನೋಡಿ ನಾನು ಮೊದಲು ರೇಗಿಕೊಂಡಿದ್ದೆ. ಆಮೇಲೆ, ಆ ಮಗುವಿಗೆ ಹಾಡು ಬರುತ್ತದೆಯೇ ಎಂದು ಇಡೀ ಕಡತದಲ್ಲಿ ಕೇಳುವ ಜಾಗ ಅದೊಂದೇ ಎಂದೂ ಅನ್ನಿಸಿತು.

ಪೊಲೀಸ್ ಹೇಳಿಕೆಯ ಕನ್ನಡ ಮಾತ್ರ ತನ್ನದೇ ಒಂದು ಉಪಭಾಷೆ. ಸದರಿ, ಮೇಲ್ಕಂಡ, ಸಮಕ್ಷಮ, ವಾಸವಾಗಿದ್ದು, ಕೆಲಸ ಮಾಡಿಕೊಂಡಿದ್ದು, ಹೀಗಿರುವಾಗ್ಗೆ. ವಾಕ್ಯ ಮುಗಿಯುವುದೇ ಇಲ್ಲ, 'ಇದ್ದು' 'ಇದ್ದು' ಎಂದು ಪುಟದ ಕೊನೆಯವರೆಗೆ ಹರಿಯುತ್ತದೆ. ಹತ್ತು ವರ್ಷದ ಹುಡುಗಿಯ ಬಾಯಲ್ಲಿ 'ಸದರಿ ಆಸಾಮಿಯು' ಬಂದರೆ ಅದು ಅವಳ ಮಾತಲ್ಲ ಎನ್ನಲು ಭಾಷಾಶಾಸ್ತ್ರಜ್ಞರು ಬೇಕಿಲ್ಲ. 2012ರ ನವೆಂಬರ್ 14ರಿಂದ ಜಾರಿಗೆ ಬಂದ ಪೋಕ್ಸೋ ಕಾಯ್ದೆ ಇದನ್ನು ಕಂಡುಕೊಂಡಂತಿದೆ. ಮಗು ಹೇಳಿದಂತೆಯೇ ಬರೆದುಕೊಳ್ಳಬೇಕು ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಮಗುವಿನ ಮನೆಯಲ್ಲಿ, ಇಲ್ಲವೇ ಮಗುವಿಗೆ ಇಷ್ಟವಾದ ಕಡೆ, ಸಮವಸ್ತ್ರವಿಲ್ಲದೆ, ಮಗು ನಂಬುವವರೊಬ್ಬರು ಜೊತೆಗಿರುವಾಗ, ಬೇಕಾದರೆ ಭಾಷಾಂತರಕಾರರನ್ನು ಇಟ್ಟುಕೊಂಡು. ಭಾಷಾಂತರದ ಮಾತು ಈ ಜಿಲ್ಲೆಯಲ್ಲಿ ಔಪಚಾರಿಕವಲ್ಲ. ನೂಲು ಬಿಚ್ಚುವ ಮನೆಗಳಲ್ಲಿ ದಖನಿ ಉರ್ದು, ಗಡಿಯಂಚಿನ ಹಳ್ಳಿಗಳಲ್ಲಿ ತೆಲುಗು, ಹೊಸಕೋಟೆ ಕಡೆಯ ಇಟ್ಟಿಗೆ ಗೂಡುಗಳಲ್ಲಿ ಒಡಿಯಾ. ಹಿಂದಿಯ ಮೂಲಕ ಹಾದು ಕನ್ನಡಕ್ಕೆ ಬಂದ ಒಡಿಯಾ ಮಗುವಿನ 'ಹೊಡೀತಾರೆ' ಎಂಬ ಮಾತು ಕಡತದಲ್ಲಿ 'ಕಿರುಕುಳ ನೀಡುತ್ತಿದ್ದು' ಆಗುವಾಗ ಯಾರು, ಯಾವುದರಿಂದ, ಯಾವಾಗ ಎಂಬುದೆಲ್ಲ ಉದುರಿಹೋಗಿರುತ್ತದೆ.

ಕಾಲದ ಲೆಕ್ಕವೂ ಹೀಗೇ. ಮಕ್ಕಳು ತಾರೀಖು ಹೇಳುವುದಿಲ್ಲ. 'ಘಾಟಿ ಜಾತ್ರೆ ಆದ್ಮೇಲೆ', 'ಗೌರಿ ಹಬ್ಬಕ್ಕೆ ಬಟ್ಟೆ ತಂದಿದ್ರಲ್ಲ ಆಗ' ಎನ್ನುತ್ತಾರೆ. ಬರೆಯುವವರು ಅದನ್ನು 'ಸುಮಾರು ಆರು ತಿಂಗಳ ಹಿಂದೆ' ಮಾಡುತ್ತಾರೆ, ಖಚಿತ ಮಾಡಿದೆವೆಂದುಕೊಳ್ಳುತ್ತಾರೆ. ನಿಜವೆಂದರೆ ಖಚಿತವಾಗಿದ್ದದ್ದು ಮಗುವಿನ ಮಾತೇ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಯಾವ ವರ್ಷ ಯಾವಾಗ ನಡೆಯಿತೆಂದು ಹುಡುಕಿ ಹೇಳಬಹುದು. 'ಸುಮಾರು ಆರು ತಿಂಗಳು' ಯಾವುದೆಂದು ಯಾರು ಹೇಳಬಲ್ಲರು? ಮುಂದೆ ಪಾಟೀಸವಾಲಿನಲ್ಲಿ ವಕೀಲರು ಹಿಡಿದು ಅಲ್ಲಾಡಿಸುವುದು ಇದನ್ನೇ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಕಣ್ಮರೆ. ಹೇಳಿಕೆಯಲ್ಲಿ ಪ್ರಶ್ನೆಗಳಿರುವುದಿಲ್ಲ. ಮಗು ತಾನಾಗಿಯೇ ಕುಳಿತು ಆದಿಯಿಂದ ಅಂತ್ಯದವರೆಗೆ ಕಥೆ ಹೇಳಿದಂತೆ ಕಾಣುತ್ತದೆ. 1842ರಲ್ಲಿ ಬ್ರಿಟನ್ನಿನ ಗಣಿಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಬಂದ ಆಯೋಗದ ವರದಿಯಲ್ಲೂ ಹೀಗೇ. ಪೇಷನ್ಸ್ ಕೆರ್ಷಾ ಎಂಬ ಹದಿನೇಳರ ಹುಡುಗಿ ಗಣಿಯೊಳಗೆ ತಲೆಯಿಂದ ಕಲ್ಲಿದ್ದಲ ಬಂಡಿ ನೂಕಿ ಕೂದಲು ಉದುರಿದ ಸಂಗತಿ ಅಲ್ಲಿ ದಾಖಲಾಗಿದೆ. ಅವಳನ್ನು ಏನು ಕೇಳಿದರೆಂಬುದು ಆ ಹೇಳಿಕೆಯಲ್ಲಿಲ್ಲ. ಬರೆದುಕೊಂಡ ಅಧಿಕಾರಿ ಕೊನೆಗೆ ಅವಳ ಕೊಳಕು, ಅಜ್ಞಾನಗಳ ಬಗ್ಗೆ ತನ್ನದೊಂದು ತಾತ್ಸಾರದ ಷರಾ ಸೇರಿಸಿದ್ದಾನೆ. ಅಷ್ಟರಮಟ್ಟಿಗಾದರೂ ಅವನು ಕಾಗದದಲ್ಲಿ ಕಾಣಿಸುತ್ತಾನೆ. ನಮ್ಮ ಹೇಳಿಕೆಗಳಲ್ಲಿ ಬರೆದವರು ಕಾಣಿಸುವುದೇ ಇಲ್ಲ.

ಪ್ರಶ್ನೆ ಅಳಿಸಿದರೆ ಏನಾಗುತ್ತದೆಂದು ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣ ನೆನೆದರೆ ಗೊತ್ತಾಗುತ್ತದೆ. 1983ರಲ್ಲಿ ಶುರುವಾಗಿ 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿದ ಆ ಪ್ರಕರಣದಲ್ಲಿ ಮಕ್ಕಳ ಸಂದರ್ಶನಗಳ ವಿಡಿಯೊ ಇತ್ತು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಮತ್ತೆ ಮತ್ತೆ ಕೇಳಿದ್ದು ಬಯಲಾದದ್ದು ಆ ವಿಡಿಯೊದಿಂದ. ಅದು ಮಕ್ಕಳು ಸುಳ್ಳು ಹೇಳುತ್ತಾರೆಂಬುದಕ್ಕೆ ಪುರಾವೆ ಎಂದು ಹಲವರು ಅರ್ಥೈಸುತ್ತಾರೆ, ನಾನು ಒಪ್ಪುವುದಿಲ್ಲ. ದೊಡ್ಡವರು ಹೇಗೆ ಕೇಳಿದರೆಂಬುದಕ್ಕೆ ಪುರಾವೆ ಅದು. ನಮ್ಮಲ್ಲಿ ಅಪಾಯ ಬಹುತೇಕ ಉಲ್ಟಾ ದಿಕ್ಕಿನದು: ಇಲ್ಲದ್ದನ್ನು ಮಗುವಿನ ಬಾಯಲ್ಲಿ ಹೇಳಿಸುವುದಕ್ಕಿಂತ ಇದ್ದದ್ದನ್ನು ಕೇಳದೇ ಬಿಡುವುದು. ಅದು ವಿಡಿಯೊದಲ್ಲೂ ಸುಲಭಕ್ಕೆ ಕಾಣುವುದಿಲ್ಲ.

ಇದೆಲ್ಲ ಬರಿ ಸಂಶೋಧಕರ ಕೊರಗಲ್ಲ. ಜೀತದಿಂದ ಬಿಡಿಸಿದವರ ಪುನರ್ವಸತಿಗೆ ಕೇಂದ್ರ ಸರ್ಕಾರ 2016ರಲ್ಲಿ ಪರಿಷ್ಕರಿಸಿದ ಯೋಜನೆಯಲ್ಲಿ ಮಕ್ಕಳಿಗೆ ಎರಡು ಲಕ್ಷ ರೂಪಾಯಿಯಿದೆ. ತೀರಾ ಘೋರವಾದ ಪ್ರಕರಣಗಳಲ್ಲಿ ಮೂರು ಲಕ್ಷ. ಅದರಲ್ಲಿ ತಕ್ಷಣಕ್ಕೆ ಸಿಗುವುದು 20,000ದವರೆಗೆ ಎಂದಿತ್ತು, ಉಳಿದದ್ದನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದ್ದರು. ಶಿಕ್ಷೆಯಾಗಬೇಕಾದರೆ ಹೇಳಿಕೆ ನಿಲ್ಲಬೇಕು. ಹೇಳಿಕೆ ನಿಲ್ಲಬೇಕಾದರೆ ದಾಳಿಯ ದಿನ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕುಳಿತು ಬರೆದ ನಾಲ್ಕು ಸಾಲು ಸರಿಯಿರಬೇಕು. ಬಿಡುಗಡೆಯ ಪ್ರಮಾಣಪತ್ರ ಬರದಿದ್ದರೆ ಆ ಮೊದಲ ಕಂತೂ ಇಲ್ಲ. ಮಗುವನ್ನು ಮನೆಗೆ ಕಳುಹಿಸುವಾಗ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಇನ್ನು ದುಡಿಯಲು ಕಳುಹಿಸುವುದಿಲ್ಲ ಎಂದು ಅಪ್ಪನೋ ಅಮ್ಮನೋ ಹೆಬ್ಬೆಟ್ಟು ಒತ್ತುತ್ತಾರೆ. ಮುಂಗಡ ಕೊಟ್ಟವನಿಂದ, ಆ ಸಾಲ ಇನ್ನು ಕೇಳುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಳ್ಳುವ ನಮೂನೆ ನನ್ನ ಮೇಜಿನ ಮೇಲಿನ ಕಟ್ಟಿನಲ್ಲಿ ಇಲ್ಲ.

ಈಚೆಗೆ ನಾನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ಪ್ರಕಟವಾದ ವರದಿಗಳಲ್ಲಿ ಹೆಸರು ಬದಲಿಸಿ ಅಚ್ಚಾಗಿರುವ ಮಕ್ಕಳ ಮಾತುಗಳನ್ನು ನಕಲು ಮಾಡಿಕೊಂಡು, ಪ್ರತಿ ವಾಕ್ಯದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆಯುತ್ತಾ ಹೋಗುವುದು. ಈ ಉತ್ತರ ಬರಬೇಕಾದರೆ ಏನು ಕೇಳಿರಬೇಕು? ಎಷ್ಟು ಗಂಟೆಗೆ ಏಳ್ತೀಯ? ಊಟ ಯಾರು ಕೊಡ್ತಾರೆ? ಕೈ ತೋರ್ಸು, ಇದೇನಾಯ್ತು? ಕೆಲವು ಕಡೆ ಪ್ರಶ್ನೆ ತಾನಾಗಿ ಸಿಗುತ್ತದೆ. ಕೆಲವು ಕಡೆ ಎರಡು ವಾಕ್ಯಗಳ ನಡುವೆ ಸುಮ್ಮನೆ ಖಾಲಿ ಜಾಗ ಬಿಡಬೇಕಾಗುತ್ತದೆ, ಅಲ್ಲಿ ಮಗು ಮಾತು ನಿಲ್ಲಿಸಿರಬಹುದು. ಪೆನ್ಸಿಲಿನಲ್ಲಿ ಹೆಚ್ಚು ಸಲ ಬರೆಯುವ ಪ್ರಶ್ನೆ ಒಂದೇ: ನಿಮ್ಮಪ್ಪ ಎಷ್ಟು ಇಸ್ಕೊಂಡಿದ್ರು?

ಈ ಪ್ರಶ್ನೆಗೆ ಎಷ್ಟೋ ಮಕ್ಕಳ ಬಳಿ ಉತ್ತರ ಸಿದ್ಧವಾಗಿತ್ತು. ರೂಪಾಯಿ ಲೆಕ್ಕ ಸಹಿತ.